ಬ್ಯಾಡಗಿಗೆ ಬಾರದ ಕೊನೆಯ ರೀಲು

ನನ್ನ ತಮ್ಮನ ಮಗಳು ಪಲ್ಲವಿ ಡಬ್ಬಿಂಗ್ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಬೇರೆ ಭಾಷೆಯ ಸಿನಿಮಾಗಳಿಗೆ ಕನ್ನಡದಲ್ಲಿ ಮಾತು ಬರೆಯುವುದು ಅವಳ ಕೆಲಸ. ಸೇರಿದ ಹೊಸದರಲ್ಲಿ ಫೋನ್ ಮಾಡಿ, "ಅತ್ತೀ, ನೀವು ಮಾಡಿದ್ದೂ ಇದ ಅಲ್ಲೇನು? ಹೆಂಗ ಮಾಡ್ತಿದ್ರಿ ಬರದು ಕೊಡ್ರಿ. ನಮ್ಮ ಟೀಮ್‌ನವರೆಲ್ಲಾ ಓದ್ತಾರ" ಅಂದಳು.

ಇದಲ್ಲ, ಮೈ ಡಿಯರ್. ನಿಮಗೆ ಒಂದು ಸಾಲನ್ನು ಬರೆದು, ಹರಿದು, ಮತ್ತೆ ಬರೆಯಲು ಪುರುಸೊತ್ತಿದೆ. ನನಗೆ ಸಿನಿಮಾ ಎದುರಿಗೆ ಓಡುತ್ತಿತ್ತು, ಕೆಳಗೆ ಜನ ಕುಳಿತಿರುತ್ತಿದ್ದರು, ಬಾಯಿಗೆ ಬಂದದ್ದೇ ಡೈಲಾಗ್. ಆದರೂ ಕೇಳಿದಳಲ್ಲ ಎಂದು ಬರೆಯುತ್ತಿದ್ದೇನೆ.

ಬ್ಯಾಡಗಿಯ ಒಂದು ಥಿಯೇಟರಿನಲ್ಲಿ ನಾನು "ಮೈಕಿನ ಅಕ್ಕಾರು" ಆಗಿದ್ದೆ. ಪ್ರೊಜೆಕ್ಟರ್ ರೂಮಿನ ಪಕ್ಕದಲ್ಲಿ ಒಂದು ಗೂಡಿನಂಥ ಕ್ಯಾಬಿನ್, ಪರದೆ ನೋಡಲು ಗೋಡೆಯಲ್ಲಿ ಸ್ಲೇಟಿನಷ್ಟು ಅಗಲದ ಕಿಂಡಿ, ಒಂದು ಮೈಕು, ಒಂದು ತಂಬಿಗೆ ಬಿಸಿನೀರು. ಇಂಗ್ಲಿಷ್ ಸಿನಿಮಾ ಬಂದಾಗ ಅಲ್ಲಿ ಕುಳಿತು ಕಥೆಯನ್ನು ಕನ್ನಡದಲ್ಲಿ ಹೇಳುವುದು ನನ್ನ ನೌಕರಿ. ಒಳ್ಳೆಯ ಇಂಗ್ಲಿಷ್ ಸಿನಿಮಾಗಳು ಹುಬ್ಬಳ್ಳಿ ದಾಟಿ ಈಚೆ ಬರುತ್ತಿರಲಿಲ್ಲ. ನಮಗೆ ಬರುತ್ತಿದ್ದವು ಬೇರೆಯ ಜಾತಿಯವು: ರಕ್ತ ಕುಡಿಯುವ ಜಮೀನ್ದಾರ, ಜೈಲು ಮುರಿದು ಓಡುವ ಹೆಂಗಸರು, ಎತ್ತಿನಷ್ಟು ದೊಡ್ಡ ಚೇಳು, ಕೊಡಲಿ ಹಿಡಿದು ಸೇಡು ತೀರಿಸಿಕೊಳ್ಳುವ ಹುಡುಗಿ. ಬಟ್ಟೆ ಕಡಿಮೆ, ಕೆಂಪು ಬಣ್ಣ ಜಾಸ್ತಿ. ಊರೂರು ಸುತ್ತಿ ಗೀರು ಬಿದ್ದು, ಮಳೆ ಸುರಿದಂತೆ ಕಾಣುವ ಪ್ರಿಂಟು. ಊರಿನವರು ಅವನ್ನು "ಹೊಡಿಬಡಿ ಇಂಗ್ಲಿಷ್" ಎನ್ನುತ್ತಿದ್ದರು.

ನನ್ನ ಅಪ್ಪ ಮೆಣಸಿನಕಾಯಿ ವ್ಯಾಪಾರಿ. ಮುಂಬಯಿಯ ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯಲು ಮನೆಯಲ್ಲೇ ಒಬ್ಬರು ಇರಲಿ ಎಂದು ನನ್ನನ್ನು ಹುಬ್ಬಳ್ಳಿಯ ಕಾನ್ವೆಂಟಿಗೆ ಹಾಕಿದ್ದ. ಥಿಯೇಟರಿನ ಮಾಲೀಕರಾದ ವಿರೂಪಾಕ್ಷಪ್ಪ ಸಾಹುಕಾರರು ಆ ಕಾನ್ವೆಂಟ್ ಹೆಸರು ಕೇಳಿಯೇ ನನ್ನನ್ನು ತೆಗೆದುಕೊಂಡರು. ಟು ಬಿ ಫ್ರಾಂಕ್, ಸಿಸ್ಟರ್ಸ್ ಕಲಿಸಿದ್ದು ಟೀ ಪಾರ್ಟಿಯ ಇಂಗ್ಲಿಷ್. "ಮೇ ಐ ಹ್ಯಾವ್ ಸಮ್ ಮೋರ್ ಶುಗರ್, ಪ್ಲೀಸ್" ಎನ್ನುವವರು ಆ ಸಿನಿಮಾಗಳಲ್ಲಿ ಒಬ್ಬರೂ ಇರಲಿಲ್ಲ. ಬಾಯಲ್ಲಿ ಚುಟ್ಟಾ ಇಟ್ಟುಕೊಂಡು ಗೊಣಗುವ ಅಮೆರಿಕದ ಗೂಂಡಾ, ಅವನ ಮೇಲೆ ಕರಕರ ಎನ್ನುವ ಸೌಂಡು. ಮೊದಲ ದಿನ ನನಗೆ ಏನೂ ತಿಳಿಯಲಿಲ್ಲ. ಇಂಟರ್ವಲ್‌ನಲ್ಲಿ ಸಾಹುಕಾರರ ಮುಂದೆ ಹೋಗಿ ಅಳುವುದೊಂದೇ ಬಾಕಿ.

ಅವರು ಅಡಿಕೆ ಕತ್ತರಿಸುತ್ತ ಕುಳಿತಿದ್ದರು. "ಅಕ್ಕಾರ, ಅವರು ಏನ ಅಂದ್ರು ಅನ್ನೋದು ಬಿಟ್ಟ ಬಿಡ್ರಿ. ಯಾಕ ಅಂದ್ರು ಅನ್ನೋದು ಹೇಳ್ರಿ. ಮಂದಿ ಅದನ್ನ ಕೇಳಾಕ ಬಂದಾರ" ಎಂದರು.

ಪಲ್ಲವಿ, ಇಡೀ ಕೆಲಸ ಇಷ್ಟೇ. ಉಳಿದದ್ದೆಲ್ಲ ಗಂಟಲು ಕಾಯ್ದುಕೊಳ್ಳುವ ವಿದ್ಯೆ.

ಪ್ರಿಂಟು ಬರುವ ಮೊದಲು ಹಂಚಿಕೆದಾರರಿಂದ ಒಂದು ಹಾಳೆ ಬರುತ್ತಿತ್ತು. ಅದರಲ್ಲಿ ಅರ್ಧ ಪುಟದ ಕಥೆ. ಪ್ರತಿಯೊಂದೂ ನಿಲ್ಲುತ್ತಿದ್ದದ್ದು ಒಂದೇ ಜಾಗದಲ್ಲಿ: ಮುಂದೇನಾಯಿತು, ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿರಿ! ನಮ್ಮಲ್ಲಿ ಅಂಥ ಸಿನಿಮಾಕ್ಕೆ ಒಂದೇ ಆಟ, ಮೆಣಸಿನಕಾಯಿ ಮಾರ್ಕೆಟ್ ಯಾರ್ಡಿಗೆ ರಜೆ ಇದ್ದ ದಿನದ ಮ್ಯಾಟಿನಿ. ಹಾಗಾಗಿ ಕೊನೆ ಏನೆಂಬುದು ಕೆಳಗೆ ಕುಳಿತವರಿಗೆ ಗೊತ್ತಾಗುವ ಹೊತ್ತಿಗೇ ನನಗೂ ಗೊತ್ತಾಗುತ್ತಿತ್ತು. ಒಮ್ಮೆ ನಮ್ಮ ಆಪರೇಟರ್ ಖಾಜಾಸಾಬ ರೀಲು ಹಿಂದುಮುಂದು ಏರಿಸಿಬಿಟ್ಟ. ಬಂಗಲೆಯ ಮಾಳಿಗೆಯಿಂದ ಬಿದ್ದು ಸತ್ತ ವಿಲನ್ ಮುಂದಿನ ರೀಲಿನಲ್ಲಿ ಆರಾಮಾಗಿ ಕುಳಿತು ಊಟ ಮಾಡುತ್ತಿದ್ದಾನೆ! ನಾನು ಒಂದು ಗುಟುಕು ನೀರು ಕುಡಿದು, "ಇವ ಆತನ ಅವಳಿ ತಮ್ಮ ನೋಡ್ರಿ. ಅಣ್ಣ ಸತ್ತ ಸುದ್ದಿ ಇನ್ನೂ ಗೊತ್ತಿಲ್ಲ, ಪಾಪ" ಅಂದೆ. ಜನ ಮರುಗಿದರು. ಮುಂದೆ ಎಷ್ಟೋ ದಿನ ಪೋಸ್ಟರ್ ಹಚ್ಚಿದಾಗಲೆಲ್ಲ ಹಮಾಲರು "ಇದರಾಗ ಅವಳಿ ಅದಾರೇನ್ರಿ?" ಎಂದು ಕೇಳುತ್ತಿದ್ದರು.

ಹಮಾಲರು ಅಂದೆನಲ್ಲ, ಒಂದು ಫ್ಯಾನಿನ ಗಲಾಟೆಯನ್ನೂ ಹೇಳಬೇಕು. ಬ್ಯಾಡಗಿಯಲ್ಲಿ ಸುಗ್ಗಿಯ ಹೊತ್ತಿಗೆ ಮೆಣಸಿನಕಾಯಿಯ ಪುಡಿ ಇಲ್ಲದ ಅಂಗಿ ಇಲ್ಲ. ಚೀಲ ಹೊರುವವರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಎಲ್ಲರೂ ಅದನ್ನು ಮೈಮೇಲೆ ಹೊತ್ತುಕೊಂಡೇ ಬರುತ್ತಿದ್ದರು. ಅದಕ್ಕೇ ಆ ದಿನಗಳಲ್ಲಿ ನಮ್ಮ ಹಾಲಿನಲ್ಲಿ ಫ್ಯಾನ್ ಹಾಕುತ್ತಿರಲಿಲ್ಲ. ಎಷ್ಟೇ ಸೆಕೆ ಇದ್ದರೂ ಯಾರೂ ಕೇಳುತ್ತಲೂ ಇರಲಿಲ್ಲ. ಹುಬ್ಬಳ್ಳಿಯಿಂದ ಹಂಚಿಕೆದಾರರ ಕಡೆಯ ಹೊಸ ಮನುಷ್ಯನೊಬ್ಬ ಬಂದಿದ್ದ. ಸಫಾರಿ ಸೂಟು, ಕೈಯಲ್ಲಿ ಕರ್ಚೀಫು. ಪೆಟ್ಟಿಗೆಯಲ್ಲಿ ಮಲಗಿದ ಒಂದು ಪಿಶಾಚಿಯ ಸಿನಿಮಾ ನಡೆದಿತ್ತು. ಸೆಕೆ ತಾಳಲಾರದೆ ಅವನೇ ಹೋಗಿ ಎಲ್ಲ ಫ್ಯಾನುಗಳ ಬಟನ್ ಒತ್ತಿದ.

ಕ್ಷಣ ಮಾತ್ರದಲ್ಲಿ ಇಡೀ ಹಾಲು ಅಳುತ್ತಿತ್ತು. ಕೆಮ್ಮು, ಸೀನು, ಸೆರಗಿನಲ್ಲಿ ಕಣ್ಣೊರೆಸುವುದು. ಕ್ಯಾಬಿನ್ನಿಗೂ ಘಾಟು ನುಗ್ಗಿ ನನ್ನ ದನಿ ಬಿಕ್ಕಿ ಬಿಕ್ಕಿ ಬಂತು. ಅವನು ತಾನೂ ಕಣ್ಣೊರೆಸುತ್ತ ಹೊರಗೆ ಓಡಿ, "ಸಾಹುಕಾರ್ರ, ಲೇಡೀಸ್ ಎಷ್ಟ ಅಳಾಕತ್ತಾರ ನೋಡ್ರಿ! ಸೆಂಟಿಮೆಂಟ್ ಕೆಲಸ ಮಾಡೇತಿ!" ಎಂದನಂತೆ. ಆ ಪಿಶಾಚಿಯನ್ನು ಅವನು ಹಾವೇರಿಗೆ "ಹೆಣ್ಣುಮಕ್ಕಳ ಕಣ್ಣೀರಿನ ಕಥೆ" ಎಂಬ ಪೋಸ್ಟರ್ ಹಚ್ಚಿ ಕಳಿಸಿದ. ಹಾವೇರಿಯ ಹೆಂಗಸರು ಕುಂಕುಮ ಹಚ್ಚಿಕೊಂಡು, ಕರ್ಚೀಫು ಹಿಡಿದು ಬಂದು, ಇಂಟರ್ವಲ್‌ಗೆ ಬೈಯುತ್ತ ಎದ್ದು ಹೋದರು.

ನಾನು ಕೆಲಸ ಬಿಟ್ಟು ಬಹಳ ವರ್ಷವಾಯಿತು. ಕೊನೆಕೊನೆಗೆ ಹಾವೇರಿಯ ಒಂದು ಥಿಯೇಟರಿನಲ್ಲಿ ಬರೀ ಟಿಕೆಟ್ ಕೌಂಟರಿನಲ್ಲಿದ್ದೆ. ಆಗ ಯಾರಿಗೂ ಕಥೆ ಹೇಳುವವರು ಬೇಕಿರಲಿಲ್ಲ. ನಮ್ಮ ಬ್ಯಾಡಗಿಯ ಥಿಯೇಟರ್ ಈಗ ಕೋಲ್ಡ್ ಸ್ಟೋರೇಜ್. ಒಮ್ಮೆ ಒಳಗೆ ಹೋಗಿ ನೋಡಿದೆ. ಪರದೆ ಇದ್ದ ಗೋಡೆಯ ತನಕ ಚೀಲಗಳು. ಕತ್ತಲೆ ಮಾತ್ರ ಹಳೆಯದೇ.

ಈಗ ರಾಣೇಬೆನ್ನೂರಿನ ನನ್ನ ಮನೆಯಲ್ಲಿ ಪಲ್ಲವಿ ದೊಡ್ಡ ಟೀವಿ ಹಾಕಿಸಿ, ಅದರಲ್ಲಿ ಏನೋ ಒಂದು ಆ್ಯಪ್ ಕೂರಿಸಿ ಹೋಗಿದ್ದಾಳೆ. ಮೈ ಗಾಡ್, ಅದರ ತುಂಬ ನಮ್ಮ ಹೊಡಿಬಡಿ ಇಂಗ್ಲಿಷ್! ಯಾರೋ ಪುಣ್ಯಾತ್ಮರು ಆ ಪ್ರಿಂಟುಗಳನ್ನೆಲ್ಲ ಹುಡುಕಿ, ತೊಳೆದು ಒರೆಸಿ ಇಟ್ಟಿದ್ದಾರೆ. ಗೀರಿಲ್ಲ, ಮಳೆಯಿಲ್ಲ. ಕೆಳಗೆ ಮಾತು ಅಕ್ಷರದಲ್ಲಿ ಬರುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಒಂದೊಂದೇ ಹಾಕಿಕೊಂಡು ನೋಡುತ್ತೇನೆ. ಮೊದಮೊದಲು ಎರಡು ಭಯ ಇದ್ದವು. ನಾನು ಹೇಳಿದ್ದೆಲ್ಲ ಎಲ್ಲಿ ತಪ್ಪು ಎಂದು ಗೊತ್ತಾಗುವ ಭಯ ಒಂದು. ಇನ್ನೊಂದು ಭಯ, ನಾನು ಜೀವಮಾನವಿಡೀ ಎಂಥ ಹೊಲಸಿಗೆ ದನಿ ಕೊಟ್ಟೆನೋ ಎಂಬುದು. ಯಾಕೆಂದರೆ ಅತಿ ಹೊಲಸು ಅನ್ನಿಸಿಕೊಂಡ ಜಾಗಗಳನ್ನು ನಾನು ನೋಡಿಯೇ ಇರಲಿಲ್ಲ. ಖಾಜಾಸಾಬ ನೋಡಲು ಬಿಟ್ಟಿರಲಿಲ್ಲ.

ಖಾಜಾಸಾಬನಿಗೆ ಹೆಣ್ಣುಮಕ್ಕಳು ಕುಳಿತ ಹಾಲಿನಲ್ಲಿ ಇಂಥದ್ದು ಕಾಣಬಾರದು ಎಂಬ ಹಟ. ಪರದೆಯ ಮೇಲೆ ಯಾವಳಾದರೂ ಕುತ್ತಿಗೆಯ ಗುಂಡಿಗೆ ಕೈ ಹಚ್ಚಿದಳೋ, ಇವನ ಅಂಗೈ ಲೆನ್ಸಿನ ಮುಂದೆ. ಹಾಲು ಕತ್ತಲು. ಗಂಡಸರ ಕಡೆಯಿಂದ ಕೂಗು: "ಏ ಖಾಜಾ, ಕೈ ತಗಿಯೋ!" ನಾನು ಮೈಕಿನಲ್ಲಿ "ಹೊರಗ ಭಾಳ ಥಂಡಿ ಐತಿ. ಗಾಳಿ ಬೀಸಾಕತ್ತೇತಿ" ಎಂದು ಹವಾಮಾನ ಓದುತ್ತಿದ್ದೆ. ಜೈಲಿನ ಹೆಂಗಸರ ಒಂದು ಸಿನಿಮಾದಲ್ಲಂತೂ ಅವನ ಕೈ ಬಹಳ ಹೊತ್ತು ಕೆಳಗಿಳಿಯಲಿಲ್ಲ. ಆ ಕೈಯ ಹಿಂದೆ ಏನಿತ್ತು ಎಂಬ ಬಗ್ಗೆ ಬ್ಯಾಡಗಿಯ ಚಹಾದಂಗಡಿಗಳಲ್ಲಿ ಎಷ್ಟೋ ವರ್ಷ ಕಥೆಗಳು ನಡೆದವು.

ಹೋದ ತಿಂಗಳು ಆ ಜಾಗವನ್ನು ನೋಡಿದೆ. ಜೈಲಿನಿಂದ ಓಡಿ ಬಂದ ಹೆಂಗಸು ಒದ್ದೆಯಾದ ಕೋಟು ತೆಗೆದು ಗೂಟಕ್ಕೆ ಹಾಕುತ್ತಾಳೆ. ಒಳಗೆ ದಪ್ಪನೆಯ ಸ್ವೆಟರ್. ಆಮೇಲೆ ಒಲೆಯ ಮುಂದೆ ಕುಳಿತು ಸೂಪು ಕುಡಿಯುತ್ತಾಳೆ. ನಿಧಾನವಾಗಿ, ಊದಿ ಊದಿ ಕುಡಿಯುತ್ತಾಳೆ. ಅಷ್ಟೇ! ನಾನು ಒಬ್ಬಳೇ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಖಾಜಾಸಾಬ ಈಗಿಲ್ಲ, ಇದ್ದಿದ್ದರೆ ಆಗಲೇ ಫೋನ್ ಹಚ್ಚಿ ಬೈಯುತ್ತಿದ್ದೆ. ಎದೆಯ ಮೇಲಿನ ಒಂದು ಚೀಲ ಇಳಿಸಿದ ಹಾಗಾಯಿತು. ಪಿಶಾಚಿಯ ಬಾವಲಿಗೆ ದಾರ ಕಾಣುತ್ತದೆ, ಚೇಳಿನ ಹೊಟ್ಟೆಯ ಕೆಳಗೆ ಮನುಷ್ಯನ ಕಾಲು ಕಾಣುತ್ತದೆ. ಇವಕ್ಕಾಗಿ ನಾನು ಎಷ್ಟು ನಾಚಿಕೊಂಡಿದ್ದೆ!

ಒಂದು ಸಿನಿಮಾ ಮಾತ್ರ ಉಳಿದಿತ್ತು. ಅದು ಆ್ಯಪಿನಲ್ಲಿ ಸಿಗದಿರಲಿ ಎಂದೇ ಒಳಗೊಳಗೆ ಅಂದುಕೊಂಡಿದ್ದೆ.

ಅದನ್ನು ಹೇಳಬೇಕೆಂದರೆ ಮೊದಲು ಗಂಗವ್ವನ ವಿಷಯ ಹೇಳಬೇಕು. ನಮ್ಮ ಥಿಯೇಟರಿನಲ್ಲಿ ಹೆಂಗಸರ ಗೇಟು ಕಾಯುತ್ತಿದ್ದವಳು. ಆಗ ಅವಳಿಗೆ ಇನ್ನೂ ಸಣ್ಣ ವಯಸ್ಸು. ತವರು ಅಗಡಿ, ಕೊಟ್ಟದ್ದು ದೇವರಗುಡ್ಡದ ಕಡೆಯ ಒಂದು ಹಳ್ಳಿಗೆ. ಗಂಡ ಹೊಡೆಯುವ ಹೊಡೆತಕ್ಕೆ ಒಂದು ಕಿವಿ ಮಂದವಾಗಿತ್ತು. ಬಿಟ್ಟು ಬಂದು ಬ್ಯಾಡಗಿಯಲ್ಲಿ ಅಕ್ಕನ ಮನೆಯಲ್ಲಿದ್ದಳು. ಸಾಹುಕಾರರು ಗೇಟಿಗೆ ಹಾಕಿದರು.

ಅವಳ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಪಿಕ್ಚರ್ ಮುಗಿಯುವ ಸ್ವಲ್ಪ ಮೊದಲೇ ಹೆಂಗಸರ ಗೇಟು ತೆರೆಯಬೇಕು. ಗಂಡಸರು ಒಮ್ಮೆಲೇ ನುಗ್ಗುವುದರೊಳಗೆ ಹೆಣ್ಣುಮಕ್ಕಳು ಹೊರಬಿದ್ದು ರಸ್ತೆ ಹಿಡಿದಿರಬೇಕು. ಕೊನೆಯ ರೀಲು ಅರ್ಧಕ್ಕೆ ಬಂತೆಂದರೆ ಗಂಗವ್ವ ಎರಡೂ ಬಾಗಿಲು ತೆರೆದು "ಹೆಣ್ಮಕ್ಕಳು ಮೊದಲ ಹೊರಡ್ರಿ!" ಎಂದು ಕೂಗುತ್ತಿದ್ದಳು. ಕೊನೆಯಲ್ಲಿ ಏನಾಯಿತೆಂದು ಅವರೆಲ್ಲ ತಿಳಿಯುತ್ತಿದ್ದದ್ದು ಹೊರಗೆ ಕಟ್ಟಿದ್ದ ಹಾರ್ನ್ ಸ್ಪೀಕರಿನಲ್ಲಿ ನನ್ನ ದನಿ ಕೇಳಿ, ನಡೆಯುತ್ತ ನಡೆಯುತ್ತ. ಗಂಗವ್ವ ಅಷ್ಟು ವರ್ಷ ಗೇಟಿನಲ್ಲಿದ್ದು ಒಂದು ಸಿನಿಮಾದ ಕೊನೆಯನ್ನೂ ಕಣ್ಣಾರೆ ನೋಡಲಿಲ್ಲ.

ಆ ಸಿನಿಮಾಕ್ಕೆ ನಾವು ಇಟ್ಟ ಹೆಸರು "ಸಾಮಿಲ್ಲಿನ ಹುಡುಗಿ". ಕಾಡಿನ ನಡುವೆ ಕಟ್ಟಿಗೆ ಕೊಯ್ಯುವ ಮಿಲ್ಲು. ಒಬ್ಬ ಹುಡುಗಿಯನ್ನು ಆ ಮಿಲ್ಲಿನ ಮಾಲೀಕರಾದ ಅಣ್ಣತಮ್ಮಂದಿರು ಅಲ್ಲಿ ಕೂಡಿ ಹಾಕಿರುತ್ತಾರೆ. ಆಕೆ ತಪ್ಪಿಸಿಕೊಳ್ಳುವುದು, ಅವರು ಎಳೆದು ತರುವುದು, ಮತ್ತೆ ತಪ್ಪಿಸಿಕೊಳ್ಳುವುದು. ಒಂದೇ ಪ್ರಿಂಟು, ಎರಡು ಥಿಯೇಟರ್. ರಾಣೇಬೆನ್ನೂರಿನಲ್ಲಿ ಒಂದು ರೀಲು ಓಡಿದ ಕೂಡಲೇ ಡಬ್ಬಿಯನ್ನು ಮೋಟರ್‌ಸೈಕಲ್ಲಿಗೆ ಕಟ್ಟಿ ನಮ್ಮಲ್ಲಿಗೆ ತರುತ್ತಿದ್ದರು. ತಡವಾದರೆ ನಾನು ಬಿಳಿ ಪರದೆಯ ಮೇಲೆ ಕಥೆ ಎಳೆಯಬೇಕು. ಅವತ್ತು ರಾಣೇಬೆನ್ನೂರಿನಲ್ಲೂ ಅದರ ಕೊನೆಯ ದಿನ.

ಇಂಟರ್ವಲ್‌ನಲ್ಲಿ ಗಂಗವ್ವ ಕ್ಯಾಬಿನ್ನಿಗೆ ಬಂದಳು. "ಅಕ್ಕಾರ, ಆಕಿ ಉಳೀತಾಳಲ್ಲ?"

"ನನಗೇನ ಗೊತ್ತವಾ? ಹಾಳ್ಯಾಗ ಬರದಿಲ್ಲ."

"ನಾಳೆ ನಮ್ಮ ಅವ್ವ ಬರ್ತಾಳ, ಹಿರ್ಯಾರನ್ನ ಕರಕೊಂಡು. ಗಂಡನ ಮನಿಗೆ ತಿರುಗಿ ಹೋಗು ಅಂತಾರ. ಏನ ಹೇಳಬೇಕು ತಿಳೀವಲ್ದು" ಎಂದು ಗೇಟಿಗೆ ಹೋದಳು.

ಕೊನೆಯ ರೀಲು ಬರಲಿಲ್ಲ. ಊರ ಹೊರಗೆ ರಸ್ತೆಯ ಬದಿಗೆ ಮೆಣಸಿನಕಾಯಿ ಒಣ ಹಾಕಿದ್ದರು. ತಿರುವಿನಲ್ಲಿ ಮೋಟರ್‌ಸೈಕಲ್ ಅದರ ಮೇಲೆ ಜಾರಿ, ಡಬ್ಬಿ ಸಿಡಿದು, ರೀಲು ಪೂರ್ತಿ ಬಿಚ್ಚಿ ಕಾಯಿಯೊಳಗೆ ಸಿಕ್ಕಿಕೊಂಡಿತು. ಖಾಜಾಸಾಬ ಕೈಗೆ ಬಂದ ಒಂದು ಹರಕು ತುಂಡನ್ನು ಬಲ್ಬಿಗೆ ಹಿಡಿದು ನೋಡಿದ. "ಒಂದ ಬೂಟು ಕಾಣಸ್ತೇತ್ರಿ ಅಕ್ಕಾರ. ಯಾರದೋ ಕೈಯಾಗ ಆಕಿ ಬೂಟು. ಒಳಗ ಕಾಲಿಲ್ಲ."

ಸಾಹುಕಾರರು ನಿಟ್ಟುಸಿರು ಬಿಟ್ಟು, "ಸತ್ತಿರಬೇಕು ಬಿಡ್ರಿ" ಅಂದರು. "ಏನರ ಹೇಳಿ ಮುಗಸ್ರಿ. ಮಂದಿ ಎದ್ದು ಹೋಗಬಾರದು, ಕುರ್ಚಿ ಮುರೀಬಾರದು."

ಕಿಂಡಿಯಲ್ಲಿ ನೋಡಿದೆ. ದೀಪ ಹಾಕಿದ್ದರು. ಖಾಲಿ ಪರದೆ. ಹೆಂಗಸರ ಕಡೆ ಯಾರೂ ಎದ್ದಿರಲಿಲ್ಲ. ಗಂಗವ್ವ ಗೇಟಿನ ಚಿಲಕದ ಮೇಲೆ ಕೈಯಿಟ್ಟು, ನೆಟ್ಟಗೆ ಕೇಳುತ್ತಿದ್ದ ಕಿವಿಯನ್ನು ಸ್ಪೀಕರಿನ ಕಡೆ ಮಾಡಿ ನಿಂತಿದ್ದಳು. ಮೈಕ್ ಹಿಡಿದು ನಾನು ಹೇಳಿದೆ: ಆಕೆ ಚಿಲಕ ಮುರಿದು ಹೊರಗೆ ಬಂದಳು. ಅಣ್ಣತಮ್ಮಂದಿರು ತಮ್ಮ ಮಿಲ್ಲಿನಲ್ಲೇ ಸಿಕ್ಕಿಕೊಂಡರು. ಬೆಳಗಾಗಿತ್ತು. ರಸ್ತೆಯ ತುದಿಯಲ್ಲಿ ಆಕೆಯ ಅವ್ವ ಓಡಿ ಬರುತ್ತಿದ್ದಳು. ಬಂದು ಮಗಳನ್ನು ಅಪ್ಪಿಕೊಂಡು ಮನೆಗೆ ಕರೆದುಕೊಂಡು ಹೋದಳು. ಗಂಡಸರು ಸೀಟಿ ಹೊಡೆದರು. ಚಿಲಕ ತೆಗೆದ ಸದ್ದು ಕೇಳಿಸಿತು.

ಮರುದಿನ ಹಿರಿಯರು ಬಂದರು. ಗಂಗವ್ವ ಹೋಗಲಿಲ್ಲ. ಥಿಯೇಟರ್ ಮುಚ್ಚುವ ತನಕ ಗೇಟಿನಲ್ಲಿದ್ದಳು, ಆಮೇಲೆ ಯಾರ್ಡಿನಲ್ಲಿ ತೊಟ್ಟು ಬಿಡಿಸಿದಳು, ತನ್ನದೇ ಮನೆ ಕಟ್ಟಿಸಿಕೊಂಡಳು. ಗಂಡನ ಮನೆ ಬಿಟ್ಟು ಬಂದ ಯಾವ ಹುಡುಗಿ ಕಂಡರೂ "ಸಾಮಿಲ್ಲಿನಾಕಿ ಉಳೀಲಿಲ್ಲೇನ?" ಎನ್ನುತ್ತಿದ್ದಳು. ಪ್ರತಿ ಸಲ ನನಗೆ ಆ ಖಾಲಿ ಬೂಟು ನೆನಪಾಗುತ್ತಿತ್ತು. ರಾಣೇಬೆನ್ನೂರಿನಲ್ಲಿ ವಿಚಾರಿಸಿದ್ದೆ. ಒಬ್ಬ ಸತ್ತಳು ಅಂದ, ಒಬ್ಬ ಉಳಿದಳು ಅಂದ, ಮೂರನೆಯವ ನಿದ್ದೆ ಹೋಗಿದ್ದನಂತೆ.

ಈಚೆಗೆ ಒಂದು ಮಧ್ಯಾಹ್ನ ಯಾವುದೋ ಹೆಸರಿನ ಸಿನಿಮಾ ಒತ್ತಿದೆ. ಹಳದಿ ಟ್ರಕ್ಕು, ಅದರ ಹಿಂದೆ ಹಾರುವ ಕಟ್ಟಿಗೆಯ ಹೊಟ್ಟು. ಅದೇ! ಅವತ್ತು ನಮ್ಮ ಆಟ ನಿಂತ ಜಾಗದ ತನಕ ನೋಡಿ ಟೀವಿ ಬಂದ್ ಮಾಡಿದೆ. ಮೊದಲು ನಾನೊಬ್ಬಳೇ ನೋಡಿ, ಸತ್ತಿದ್ದರೆ ಸುಮ್ಮನಿದ್ದುಬಿಡಬಹುದಿತ್ತು. ಅದು ಚೀಟಿಂಗ್ ಅನ್ನಿಸಿತು. ಗಂಗವ್ವನಿಗೆ ಫೋನ್ ಮಾಡಿದೆ.

ಮರುದಿನ ಬ್ಯಾಡಗಿಯ ಬಸ್ಸಿಗೆ ಬಂದಳು, ಚೀಲದಲ್ಲಿ ಚುರುಮುರಿ ಕಟ್ಟಿಕೊಂಡು. "ಎಷ್ಟ ದೊಡ್ಡ ಟೀವಿರಿ ಇದು! ಇದಕ್ಕ ಗೇಟ್ ಬ್ಯಾರೆ ಐತೇನ?" ಎಂದು ಸೋಫಾದಲ್ಲಿ ಕಾಲು ಮಡಚಿ ಕುಳಿತಳು. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ, "ಆವಾಜ್ ಬಂದ್ ಮಾಡ್ರಿ. ನೀವು ಹೇಳ್ರಿ" ಅಂದಳು.

ಹೇಳಿದೆ. ಗಂಟಲು ಹಳತಾಗಿದೆ, ಆದರೂ ಬಂತು. ಅಣ್ಣತಮ್ಮಂದಿರಿಗೆ ದಪ್ಪ ದನಿ, ಹುಡುಗಿಗೆ ನನ್ನದೇ ದನಿ. ಗಂಗವ್ವ "ಹಾಂ, ಹೊಡಿ ಅವಗ!" ಎನ್ನುತ್ತ ಚುರುಮುರಿ ತಿನ್ನುತ್ತಿದ್ದಳು. ಕೊನೆ ಹತ್ತಿರ ಬಂತು. ಗಂಗವ್ವ ಥಟ್ಟನೆ ಎದ್ದು ಬೀದಿ ಬಾಗಿಲಿನ ಕಡೆ ನಡೆದಳು.

"ಎಲ್ಲಿ ಹೊಂಟಿ?"

"ಬಾಗಲಾ ತಗೀಲಿಲ್ಲ ಅಂದ್ರ..." ಎಂದು ಅಲ್ಲೇ ನಿಂತು ತಾನೇ ನಕ್ಕಳು.

"ಕುಂದರು ಗಂಗವ್ವ. ಇವತ್ತು ಯಾರೂ ನೂಕಂಗಿಲ್ಲ."

ಬಂದು ಕುಳಿತಳು. ಈ ಸಲ ಸೋಫಾದ ತುದಿಯಲ್ಲಿ. ನನಗೆ ಮುಂದಿನ ಮಾತು ಇರಲಿಲ್ಲ. ಆ ರೀಲು ನನ್ನ ಕಿಂಡಿಯ ಮುಂದೆ ಬಂದದ್ದು ಅದೇ ಮೊದಲು. ಬಾಯಿ ಮುಚ್ಚಿಕೊಂಡು ನೋಡಿದೆ.

ಮಿಲ್ಲಿನ ಬಾಗಿಲು ತೆರೆಯಿತು. ಹುಡುಗಿ ಹೊರಗೆ ಬಂದಳು. ಹಿಂದಿನಿಂದ ಯಾರೂ ಬರಲಿಲ್ಲ. ಮೆಟ್ಟಿಲ ಮೇಲೆ ಕುಳಿತಳು. ಒಂದು ಬೂಟು ಬಿಚ್ಚಿ ಕೈಯಲ್ಲಿ ಹಿಡಿದಳು. ತಲೆಕೆಳಗು ಮಾಡಿ ಒಳಗಿದ್ದ ಕಟ್ಟಿಗೆಯ ಹೊಟ್ಟನ್ನು ಕೊಡವಿದಳು. ಮತ್ತೆ ಹಾಕಿಕೊಂಡು, ದಾರ ಬಿಗಿದು ಕಟ್ಟಿ, ಎದ್ದು ರಸ್ತೆ ಹಿಡಿದು ನಡೆದಳು. ರಸ್ತೆ ತುದಿಯ ತನಕ ಖಾಲಿ. ಸಿನಿಮಾ ಮುಗಿಯಿತು.

ಬೂಟು ಆಕೆಯದೇ, ಹಿಡಿದ ಕೈಯೂ ಆಕೆಯದೇ. ಥ್ಯಾಂಕ್ ಗಾಡ್, ಉಳಿದಿದ್ದಳು.

ಗಂಗವ್ವ ಇನ್ನೂ ಪರದೆಯನ್ನೇ ನೋಡುತ್ತಿದ್ದಳು. "ಅವ್ವ ಬರಲಿಲ್ಲ."

"ಇಲ್ಲ. ಅದು ನಾ ಹೇಳಿದ್ದು. ರೀಲು ಬಂದಿರಲಿಲ್ಲಲ್ಲ."

"ಛಲೋ ಆತು ಬಿಡ್ರಿ" ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಆಕಿಗೆ ಅವ್ವ ಓಡಿ ಬಂದ್ಲು, ನಮ್ಮವ್ವ ನನ್ನ ತಿರುಗಿ ಅಲ್ಲೇ ಬಿಡಾಕ ಬಂದ್ಲು. ನನ್ನಾಗ ಏನ ಕಡಿಮಿ ಅಂತ ಇಷ್ಟು ವರ್ಷ ಅನಸ್ತಿತ್ತು ನೋಡ್ರಿ. ಆಕಿಗೂ ಯಾರೂ ಬಂದಿಲ್ಲ. ಬೂಟು ಝಾಡಿಸಿ ಹೋಗ್ಯಾಳ, ಒಬ್ಬಾಕೀನ."

"ಹೂಂ. ಒಬ್ಬಾಕೀನ."

"ಅಕ್ಕಾರ, ನಿಮಗಿಂತ ಅವರ ಛಲೋ ಹೇಳ್ಯಾರ."

"ಅವರ ಹತ್ರ ರೀಲು ಇತ್ತಲ್ಲವಾ" ಅಂದೆ. ಇಬ್ಬರೂ ನಕ್ಕೆವು.

ಬಸ್ಸಿನ ಹೊತ್ತಾಗಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡೆ, ಸ್ಟ್ಯಾಂಡಿನ ತನಕ ಬಿಟ್ಟು ಬರೋಣವೆಂದು. ಗಂಗವ್ವ ಮುಂದೆ ಹೋಗಿ ಬೀದಿ ಬಾಗಿಲಿನ ಎರಡೂ ಕದ ತೆರೆದು, ಹಳೆಯ ದನಿಯಲ್ಲಿ "ಹೆಣ್ಮಕ್ಕಳು ಮೊದಲ ಹೊರಡ್ರಿ!" ಎಂದು ಕೂಗಿದಳು. ಎದುರು ಮನೆಯವರು ಇಣುಕಿ ನೋಡಿದರು. ಈ ಸಲ ಪಿಕ್ಚರ್ ಮುಗಿದ ಮೇಲೆ ತೆರೆದಿದ್ದಳು.